ಓರೆ ನಿಂತ ಕ್ರಿಸ್‌ಮಸ್ ಮರ

ಕಾಲರಿನೊಳಗೆ ಏನೋ ಚುಚ್ಚುತ್ತಿದೆ, ಈ ಮರದ ಎಲೆಯೇ ಇರಬೇಕು, ಎಲೆಯಂತೆ ಎಲೆ, ಸೂಜಿ ಅನ್ನಬೇಕು ಇದಕ್ಕೆ, ಬೆನ್ನಿಗಿಳಿಯಿತೋ ಸ್ನಾನ ಮಾಡುವವರೆಗೂ ಬಿಡುವುದಿಲ್ಲ, ಕೆರೆದುಕೊಳ್ಳೋಣವೆಂದರೆ ಒಂದು ಕೈಯಲ್ಲಿ ಬೊಡ್ಡೆ, ಇನ್ನೊಂದರಲ್ಲಿ ಸ್ಟ್ಯಾಂಡಿನ ತಿರುಪು, ಹಾಲ್‌ನ ನೆಲದ ಮೇಲೆ ಕ್ರಿಸ್‌ಮಸ್ ಮರದ ಕೆಳಗೆ ಹಲ್ಲಿಯ ಹಾಗೆ ಹೊಟ್ಟೆಯೂರಿ ಬಿದ್ದಿದ್ದೇನೆ, ಮೇಲಿನಿಂದ ಹೆಂಡತಿಯ ದನಿ, ರೀ ಎಡಕ್ಕೆ, ಎಡಕ್ಕೆ ಅಂದ್ರೆ ನಿಮ್ಮ ಎಡ ಅಲ್ಲ, ನನ್ನ ಎಡ—ಜೀವಮಾನವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಕಂಡವರ ಮಕ್ಕಳಿಗೆ ಎಡ ಬಲ ಕಲಿಸಿದವನಿಗೆ ಈಗ ಎಡ ಯಾವುದೆಂದು ಪಾಠ, ಆಗಲಿ, ನಿನ್ನ ಎಡಕ್ಕೇ ತಳ್ಳಿದೆ, ಈಗ ಹೇಗಿದೆ, ಈಗ ಬಲಕ್ಕೆ ವಾಲ್ತು, ಸ್ವಲ್ಪ ವಾಪಸ್ ತಗೊಳ್ಳಿ, ವಾಪಸ್ ತಗೊಳ್ಳಲು ಇದೇನು ರಿವರ್ಸ್ ಗೇರ್ ಇರುವ ಗಾಡಿಯೇ, ತಿರುಪು ಬಿಗಿದರೆ ಬೊಡ್ಡೆ ಅತ್ತ, ಸಡಿಲಿಸಿದರೆ ಇತ್ತ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ನಿಜವಾಗಿಯೂ ನೆಲವೇ ಡೊಂಕು, ಈ ಹಾಲ್ ಕಿಟಕಿಯ ಕಡೆಗೆ ಇಳಿಜಾರು, ಗೋಲಿ ಇಟ್ಟರೆ ತಾನಾಗಿ ಉರುಳುತ್ತದೆ, ಗುಬ್ಬಿ ಚಿಕ್ಕವಳಿದ್ದಾಗ ಗೋಲಿ ಬಿಟ್ಟು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದಳು—ಗುಬ್ಬಿ, ಏ ಗುಬ್ಬಿ, ನೀನಾದ್ರೂ ಹೇಳೇ, ನೆಟ್ಟಗಿದೆಯಾ? ನನಗೆ ಇಲ್ಲಿಂದ ಕಾಣುವುದು ಮಗಳ ಪಾದ ಮಾತ್ರ, ಕುರ್ಚಿಯ ಕೆಳಗೆ ಒಂದರ ಮೇಲೊಂದು ಇಟ್ಟುಕೊಂಡಿದ್ದಾಳೆ, ಬಸ್ಸಿಗೆ ಕಾಯುವವರ ಹಾಗೆ, ನೆಟ್ಟಗಿದೆ ಅಪ್ಪ, ಅಂದಳು, ಹಿಂದಿನ ಸಲ ಕೇಳಿದಾಗಲೂ ನೆಟ್ಟಗಿದೆ ಅಂದಿದ್ದಳು, ಆಗ ಮರ ಪೂರ್ತಿ ಗೋಡೆಗೆ ಒರಗಿಕೊಂಡಿತ್ತು.

ಇವಳು ಹೀಗಿರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಖಾಲಿ ಜಾಗದಲ್ಲಿ ಪ್ರತಿ ವರ್ಷ ಆ ಟೋಪಿಯವನು ಹಗ್ಗ ಕಟ್ಟಿ ಮರಗಳನ್ನು ಒರಗಿಸಿಡುತ್ತಾನೆ, ಮಡಚಿದ ಕೊಡೆಗಳ ಹಾಗೆ, ಅಲ್ಲಿಗೆ ಹೋದರೆ ಸಾಕು ಗುಬ್ಬಿ ಒಂದೊಂದನ್ನೂ ಅಪ್ಪಿಕೊಂಡು ಮೂಸುತ್ತಿದ್ದಳು, ಇದಕ್ಕೆ ನೆಗಡಿ ಆಗಿದೆ ಅಪ್ಪ, ಇದು ಜಂಬದ್ದು ಅಪ್ಪ, ಇದನ್ನ ಯಾರೂ ತಗೊಳಲ್ಲ ಪಾಪ, ಇದೇ ಇರಲಿ ಅಪ್ಪ, ಮದುವೆಯ ಹಿಂದಿನ ವರ್ಷದವರೆಗೂ ಹಾಗೇ, ಅಷ್ಟು ದೊಡ್ಡ ಹುಡುಗಿ, ಆಫೀಸಿಗೆ ಹೋಗುವವಳು, ಜನ ನೋಡುತ್ತಿದ್ದರೂ ಮೂಸುವುದೇ, ನಾನು ಹಾರ್ನ್ ಹೊಡೆದು ಹೊಡೆದು ಸಾಕಾಗುತ್ತಿತ್ತು. ಇವತ್ತು ಬೆಳಿಗ್ಗೆ ಕಾರಿನಿಂದ ಇಳಿದವಳು ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ನಿಂತಳು, ಯಾವುದು ಬೇಕೋ ನೋಡು ಅಂದರೆ ಯಾವುದಾದ್ರೂ ಸರಿ ಅಪ್ಪ, ಯಾವುದಾದ್ರೂ ಸರಿ ಅನ್ನುವುದೂ ಒಂದು ಉತ್ತರವೇ, ಅತ್ತ ಇವಳಮ್ಮನಿಗೆ ಯಾವುದೂ ಸರಿ ಇಲ್ಲ, ಇದಕ್ಕೆ ಹಿಂದುಗಡೆ ಬೋಳು, ಇದು ಪೊರಕೆ, ಇದರ ಸೊಂಟ ನೋಡಿ ನನ್ನ ಸೊಂಟ ಇದ್ದ ಹಾಗಿದೆ, ಕ್ಲಿನಿಕ್ಕಿನ ಲ್ಯಾಬಿನಲ್ಲಿ ದಿನವೂ ರಕ್ತ ತೆಗೆಯುವವಳು, ನರ ಹುಡುಕಿದ ಹಾಗೆ ಮರ ಹುಡುಕುತ್ತಾಳೆ, ಬೆರಳಿನಿಂದ ಒತ್ತಿ ಒತ್ತಿ, ಟೋಪಿಯವನು ಅಕ್ಕಾ ಮರ ಅದು, ಸೊಸೆ ಅಲ್ಲ ಅಂದ, ಆ ಮಾತಿಗೆ ನಾನು ನಕ್ಕೆ, ಗುಬ್ಬಿ ನಗಲಿಲ್ಲ. ಹೋದ ವಾರ ಒಂದು ಸೂಟ್‌ಕೇಸ್ ಹಿಡಿದು ಬಂದಳು, ಆಫೀಸಿಗೆ ರಜೆ ಅಂದಳು, ಅಳಿಯಂದಿರು ಅಂದರೆ ಅವರಿಗೆ ಕೆಲಸ ಇದೆ ಅಂದಳು, ಅಷ್ಟೆ, ಊಟ ಮಾಡುತ್ತಾಳೆ, ತಟ್ಟೆ ತೊಳೆಯುತ್ತಾಳೆ, ಫೋನ್ ಬಡಿದುಕೊಂಡರೆ ಅದನ್ನು ದಿಂಬಿನ ಕೆಳಗಿಟ್ಟು ಬಚ್ಚಲಿಗೆ ಹೋಗುತ್ತಾಳೆ, ನಾನು ಬಾಯಿ ತೆರೆದರೆ ಇವಳಮ್ಮ ಕಣ್ಣಲ್ಲೇ ಗದರುತ್ತಾಳೆ, ಕೆದಕಬೇಡಿ, ತಾನಾಗಿ ಹೇಳ್ತಾಳೆ—ಯಾವಾಗ ಹೇಳುವುದು, ಅಕ್ಕಪಕ್ಕದವರೆಲ್ಲ ಕೇಳಿ ಮುಗಿಸಿದ ಮೇಲೋ, ಅದಕ್ಕೇ ಇವಳಮ್ಮ ಹಿಂದಿನ ಸಾಲಿನ ಮರ ನೋಡಲು ಹೋದ ಸಮಯ ನೋಡಿಕೊಂಡು ನಾನೇ ಹೇಳಿಬಿಟ್ಟೆ, ನೋಡು ಮಗಾ, ಮದುವೆ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಮಾತು ಹೋಗುತ್ತೆ, ಹೊಂದಿಕೊಂಡು ಹೋಗ್ಬೇಕು, ನಿಮ್ಮಮ್ಮ ನನ್ನ ಜೊತೆ ಹೊಂದ್ಕೊಂಡಿಲ್ವಾ? ಅವಳು ತೋಳಿನಿಂದ ಒಂದು ಬೆರಳು ಹೊರತೆಗೆದು ಕೊಂಬೆಯ ತುದಿಯನ್ನು ಸವರಿದಳು, ಹೂಂ ಅಪ್ಪ, ಅಂದಳು, ಆಮೇಲೆ ಇದು ಸರಿ ಅಪ್ಪ ಅಂದಳು, ಎದುರಿಗಿದ್ದ ಮರಕ್ಕೆ, ನೋಡದೆಯೇ. ಅದನ್ನೇ ತಂದದ್ದು. ಅದಕ್ಕೇ ಇದು ಓರೆ.

ಒಂದು ಗುಟ್ಟು ನನ್ನ ಹೊಟ್ಟೆಯೊಳಗೆ ಕುಳಿತಿದೆ, ಹೊಟ್ಟೆಯ ಮೇಲೆ ಮಲಗಿದಾಗಲಂತೂ ಒತ್ತುತ್ತದೆ, ನಿನ್ನೆ ಸಂಜೆ ಕೊನೆಯದಾಗಿ ಕಾರು ಕಲಿಯಲು ಬಂದವಳನ್ನು ಇಳಿಸಿ, ಕಾರು ಮೈದಾನದ ಪಕ್ಕ ನಿಲ್ಲಿಸಿ, ನಾನೇ ಅಳಿಯನಿಗೆ ಫೋನ್ ಮಾಡಿದೆ. ಯಾರಾದರೊಬ್ಬರು ಮಾಡಬೇಕಲ್ಲ, ಗಂಡಸೆನಿಸಿಕೊಂಡವನು ಮನೆಯಲ್ಲಿ ನಾನೊಬ್ಬ ಇದ್ದೇನಲ್ಲ. ಅವರ ದನಿ ಎಷ್ಟು ಮೆತ್ತಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಮಾವ, ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು, ಅವಳಿಗೆ ಸ್ವಲ್ಪ ಕೋಪ ಜಾಸ್ತಿ, ನಿಮಗೆ ಗೊತ್ತಿರೋದೆ, ನಾನು ಎಷ್ಟು ಫೋನ್ ಮಾಡಿದ್ರೂ ತೆಗೀತಿಲ್ಲ, ನನಗೆ ಊಟ ಸೇರ್ತಿಲ್ಲ ಮಾವ. ನಾನು ತಡಮಾಡಲಿಲ್ಲ, ನಾಳೆ ಮರ ಕಟ್ಟುತ್ತೇವೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದುಬಿಡಿ, ಒಟ್ಟಿಗೆ ಊಟ ಮಾಡಿ, ಕರ್ಕೊಂಡು ಹೋಗಿ, ಅಂದೆ, ಅವಳಿಗೆ ಹೇಳ್ಬೇಡಿ ಮಾವ, ಸುಮ್ನೆ ಬಂದು ಎದುರಿಗೆ ನಿಂತ್ರೆ ಖುಷಿಯಾಗ್ತಾಳೆ, ಅಂದರು, ನಾನೂ ಹೌದೆಂದುಕೊಂಡೆ. ಅಳಿಯ ಅಲ್ಲ ಮಗಳ ಗಂಡ ಅನ್ನುತ್ತಾರಲ್ಲ, ಇವರು ನನಗೆ ಅವೆರಡಕ್ಕಿಂತ ಮೊದಲು ಶಿಷ್ಯ, ನನ್ನ ಕಾರಿನಲ್ಲೇ ಡ್ರೈವಿಂಗ್ ಕಲಿತದ್ದು, ಪಕ್ಕದ ಸೀಟಿನಲ್ಲಿ ಕುಳಿತು ಕಾಲಡಿಯ ಬ್ರೇಕೊಂದನ್ನೇ ನಂಬಿಕೊಂಡು ಎಂತೆಂಥವರ ಪಕ್ಕ ಪ್ರಾಣ ಕೈಯಲ್ಲಿ ಹಿಡಿದಿದ್ದೇನೆ, ಸ್ಟೀರಿಂಗನ್ನು ಹಗ್ಗದ ಹಾಗೆ ಜಗ್ಗುವವರು, ಬೆವರಿ ಜಾರಿಸುವವರು, ಇವರ ಪಕ್ಕ ಕುಳಿತಾಗ ಮಾತ್ರ ಒಂದು ಸಲವೂ ಬ್ರೇಕಿನ ಮೇಲೆ ಕಾಲಿಡಲಿಲ್ಲ, ಕ್ಲಚ್ ಬಿಟ್ಟರೆ ಗಾಡಿಗೇ ಗೊತ್ತಾಗಬಾರದು ಹಾಗೆ ಬಿಡುತ್ತಿದ್ದರು, ಸ್ಟೀರಿಂಗ್ ಹಿಡಿಯುವ ಕೈ ನೋಡಿದರೆ ಮನುಷ್ಯ ಎಂಥವನೆಂದು ಹೇಳಿಬಿಡುತ್ತೇನೆ ಕಣೇ ಅಂತ ಮನೆಗೆ ಬಂದು ಜಂಬ ಕೊಚ್ಚಿದವನು ನಾನೇ, ಗುಬ್ಬಿಗೆ ಇವರನ್ನು ತೋರಿಸಿದವನೂ ನಾನೇ.

ಈಗ ನೋಡಿದರೆ ಮರದ ತುದಿ ಚಾವಣಿಗೆ ತಾಗಿ ಮುದುಡಿಕೊಂಡಿದೆ, ಅಂಗಡಿಯಲ್ಲಿ ಆಕಾಶದ ಕೆಳಗೆ ನಿಂತಾಗ ಎಲ್ಲ ಮರವೂ ಗಿಡ್ಡವೇ, ಮತ್ತೆ ಮಲಗಿಸು, ಬೊಡ್ಡೆ ಕೊಯ್ಯಿ, ಗರಗಸ ಮೊಂಡು, ಹೊಟ್ಟು ಕಾರ್ಪೆಟ್ಟಿನ ಮೇಲೆಲ್ಲ, ಅಯ್ಯೋ ಪೇಪರ್ ಹಾಸ್ಬಾರ್ದಾಗಿತ್ತಾ, ಹಾಸಬಹುದಿತ್ತು, ಕೊಯ್ದ ಮೇಲೆ ಹೇಳಿದರೆ ಯಾವ ಪೇಪರ್ ಹಾಸಲಿ, ಮತ್ತೆ ನಿಲ್ಲಿಸಿದರೆ ಈ ಸಲ ಕಿಟಕಿಯ ಕಡೆಗೆ ವಾಲಿತು, ತಿರುಪಿಗೆ ಮಡಚಿದ ರಟ್ಟು ತುರುಕಿದೆ, ಹಾಳಾಗಿ ಹೋಗಲಿ. ದೀಪದ ಸರ ತೆಗೆದರೆ ಅದು ಸರವಲ್ಲ, ಹಾವಿನ ಸಂಸಾರ, ಹೋದ ವರ್ಷ ಯಾರು ಸುತ್ತಿಟ್ಟಿದ್ದು ಇದನ್ನು, ನೀವೇ, ನಾನಾ, ಹೌದು ನೀವೇ, ನಾನು ಚೀಲಕ್ಕೆ ಹಾಕಿ ಕೊಟ್ಟಿದ್ದೆ, ಗಂಟು ಬಿಚ್ಚಿ ಸಿಕ್ಕಿಸಿದರೆ ಹತ್ತುವುದಿಲ್ಲ, ಒಂದು ಬಲ್ಬ್ ಸತ್ತರೆ ಸರವೆಲ್ಲ ಸಾಯುವ ಹಳೆಯ ಕಾಲದ್ದು, ಒಂದೊಂದನ್ನೇ ಕಿತ್ತು ಒಂದೊಂದನ್ನೇ ಹಾಕಿ ನೋಡುತ್ತಿದ್ದೇನೆ, ಕಿಟಕಿಯಾಚೆ ಬೆಳಕು ಇಳಿಯುತ್ತಿದೆ, ಅವರು ಹೊರಟಿರುತ್ತಾರೆ, ದೀಪವೇ ಹತ್ತದಿದ್ದರೆ ದೀಪ ಹಚ್ಚುವ ಹೊತ್ತು ಎಲ್ಲಿಯದು, ಬೇಗ, ಬೇಗ ಕೈ ಆಡಿಸಿ ಎಲ್ಲರೂ. ಯಾಕ್ರೀ ಇಷ್ಟು ಅವಸರ, ಯಾರು ಬರ್ತಿದ್ದಾರೆ ಅಂತ? ಯಾರೂ ಇಲ್ಲ, ಯಾರು ಬರಬೇಕು, ಕೆಲಸ ಹಿಡಿದ ಮೇಲೆ ಮುಗೀಬೇಕು. ಅವಳು ನನ್ನ ಮುಖವನ್ನೇ ನೋಡಿದಳು, ನಾನು ಬಲ್ಬನ್ನು ನೋಡಿದೆ. ಗುಬ್ಬಿ ಡಬ್ಬದಿಂದ ಗಾಜಿನ ಗುಂಡು, ತಗಡಿನ ಪುಟ್ಟ ಡೋಲು, ಶಾಲೆಯಲ್ಲಿ ತಾನೇ ಹತ್ತಿ ಅಂಟಿಸಿ ಮಾಡಿದ ಗಡ್ಡದ ತಾತ, ಎಲ್ಲವನ್ನೂ ತೆಗೆದು ಒಂದೇ ಕೊಂಬೆಗೆ ನೇತುಹಾಕುತ್ತಿದ್ದಾಳೆ, ಎದೆಯ ಮಟ್ಟದ ಕೊಂಬೆಗೆ, ಅದು ಭಾರ ತಡೆಯದೆ ಬಗ್ಗಿದೆ, ಮೇಲೆಲ್ಲ ಬರಿದು, ಏನಮ್ಮ ಇದು ಬಟ್ಟೆ ಒಣಗಿಸೋ ತಂತಿಯಾ, ಮೇಲೂ ಹಾಕು ಅಂದೆ, ಹೂಂ ಅಪ್ಪ ಅಂದಳು, ಮತ್ತೆ ಅದೇ ಕೊಂಬೆಗೆ ಇನ್ನೊಂದು ಗುಂಡು. ನನಗೆ ತಲೆ ಚಿಟ್ಟು ಹಿಡಿಯಿತು. ಈ ಮನೆಯಲ್ಲಿ ಒಬ್ಬರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಇನ್ನೊಬ್ಬರಿಗೆ ಅರ್ಥವಾದರೆ ಒಪ್ಪುವುದಿಲ್ಲ. ಅಷ್ಟರಲ್ಲಿ ಸತ್ತ ಬಲ್ಬ್ ಸಿಕ್ಕಿತು, ಸರ ಹತ್ತಿತು, ಕೆಂಪು ಹಸಿರು ಹಳದಿ, ಒಂದಾದ ಮೇಲೊಂದು, ಹಾ, ನೋಡಿ, ಅಂತ ಕೂಗಿದೆ, ಒಂದು ಕ್ಷಣ ಮೂವರೂ ನೋಡಿದೆವು, ಆಗ ಗುಬ್ಬಿಯ ಮುಖದ ಮೇಲೆ ಹಳೆಯ ಗುಬ್ಬಿ ಬಂದು ಕುಳಿತು ಹಾರಿಹೋದ ಹಾಗಾಯಿತು, ಆ ಒಂದು ಕ್ಷಣ ಸಾಕಾಯಿತು ನನಗೆ, ಇದೇ ಸಮಯ, ನಕ್ಷತ್ರ ಇಟ್ಟುಬಿಟ್ಟರೆ ಮುಗಿಯಿತು, ಅವರು ಬಂದು ಬಾಗಿಲಲ್ಲಿ ನಿಂತಾಗ ಇವಳು ಹೀಗೇ ನಿಂತಿರಬೇಕು.

ನಕ್ಷತ್ರ ಇಡುವುದು ಗುಬ್ಬಿಯ ಕೆಲಸ, ನಾನು ಎತ್ತಿ ಹಿಡಿಯುತ್ತಿದ್ದ ಕಾಲದಿಂದಲೂ, ಆಮೇಲೆ ಸ್ಟೂಲು ಬಂತು, ಸ್ಟೂಲು ಹಿಡಿಯುವುದು ನನ್ನ ಕೆಲಸ. ಈ ಸಲ ನೀವೇ ಹಾಕಿ ಅಪ್ಪ, ಅಂದಳು, ನಾನಾ, ಈ ಮೊಣಕಾಲು ಇಟ್ಟುಕೊಂಡು ನಾನು ಹತ್ತಲಾ, ಅಮ್ಮ ಹಾಕಲಿ, ಅಮ್ಮನಿಗೆ ತಲೆ ಸುತ್ತುತ್ತೆ, ಹತ್ತು ನೀನು, ಏನು ಹೊಸ ನಾಟಕ, ಪ್ರತಿ ವರ್ಷ ಹತ್ತಲ್ವಾ, ಇವಳಮ್ಮ ಬಿಡಿ ರೀ ಅಂದಳು, ಬಿಡಲಿಲ್ಲ ನಾನು, ಮಗಳ ಭುಜ ಹಿಡಿದು ಸ್ಟೂಲಿನ ಹತ್ತಿರ ತಂದೆ, ಮುಟ್ಟಿದೊಡನೆ ಅವಳು ಕುಗ್ಗಿದಳು, ಸ್ವಲ್ಪ, ಪರಕೀಯರು ಮುಟ್ಟಿದ ಹಾಗೆ, ನನಗೆ ಅದಕ್ಕೂ ಸಿಟ್ಟು ಬಂತು. ಹತ್ತಿದಳು. ಎಡಗೈಯಲ್ಲಿ ಕೊಂಬೆ ಹಿಡಿದು ಬಲಗೈ ಮೇಲೆತ್ತಿದಳು, ಇನ್ನೂ ಮೇಲೆ ಅಂದೆ, ಇನ್ನೂ ಸ್ವಲ್ಪ, ಸ್ವೆಟರಿನ ತೋಳು ಜಾರಿತು, ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಮೇಲಕ್ಕೆ, ಸರದ ಬೆಳಕು ಹಳದಿಯಿತ್ತು, ಅದಕ್ಕೇ ಹಾಗೆ ಕಾಣುತ್ತಿದೆ ಅಂದುಕೊಂಡೆ, ಸರ ಕೆಂಪಾಯಿತು, ಹಸಿರಾಯಿತು, ಅದು ಹಳದಿಯಾಗಿಯೇ ಇತ್ತು, ತೋಳಿನ ಮೆತ್ತನೆಯ ಒಳಬದಿಯಲ್ಲಿ, ಸುತ್ತ ಹಳದಿ, ನಡುವೆ ಮಾಸಲು ನೀಲಿ, ಒಂದರ ಪಕ್ಕ ಒಂದು, ಬಿಡಿಬಿಡಿಯಾಗಿ, ನಾಲ್ಕು ಬೆರಳು.

ನಾನು ಸ್ಟೂಲನ್ನು ಹಿಡಿದೇ ಇದ್ದೆ. ಏನಮ್ಮ ಅದು, ಅಂದೆ, ಅವಳು ಕೈ ಇಳಿಸಿ ತೋಳು ಎಳೆದುಕೊಂಡಳು, ನಕ್ಷತ್ರ ಇನ್ನೂ ಕೈಯಲ್ಲೇ ಇದೆ, ಬಾಗಿಲಿಗೆ ತಾಗ್ತು ಅಪ್ಪ. ಬಾಗಿಲಿಗೆ. ಬಾಗಿಲಿಗೆ ಎಲ್ಲಿಯ ಬೆರಳು. ತಿರುಗಿ ಇವಳಮ್ಮನನ್ನು ನೋಡಿದೆ, ಅವಳು ಬೆಚ್ಚಿರಲಿಲ್ಲ, ಡಬ್ಬದ ಮುಚ್ಚಳವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ದಿನವೂ ಕಂಡವರ ತೋಳು ನೋಡುವವಳು, ಇವಳಿಗೆ ಗೊತ್ತಿತ್ತು. ನಿನಗೆ ಗೊತ್ತಿತ್ತಾ, ಅಂದೆ. ಬಂದ ದಿನವೇ ನೋಡ್ದೆ, ಅವತ್ತು ಕಪ್ಪಗಿತ್ತು, ಅಂದಳು. ನನಗ್ಯಾಕೆ ಹೇಳ್ಲಿಲ್ಲ? ಹೇಳ್ಬೇಡ ಅಂತ ಇವಳೇ ಆಣೆ ಹಾಕಿಸ್ಕೊಂಡ್ಳು, ಅಪ್ಪ ನಂಬಲ್ಲ, ಅಪ್ಪನಿಗೆ ಅವನು ಅಂದ್ರೆ ಪ್ರಾಣ ಅಂತ. ಅವನು ಅಂದಳು, ನಮ್ಮ ಮನೆಯಲ್ಲಿ ಅಳಿಯನಿಗೆ ಯಾವತ್ತೂ ಬಹುವಚನ, ಈ ವಾರವೆಲ್ಲ ಇವಳಮ್ಮ ಆ ಹೆಸರನ್ನೇ ಎತ್ತದೆ ಇದ್ದದ್ದು ಇದಕ್ಕೇನೋ, ಬಾಯಿ ತೆರೆದರೆ ಅವನು ಅಂತ ಬಂದುಬಿಡುತ್ತದೆಂದು—ಹೊಂದಿಕೊಂಡು ಹೋಗ್ಬೇಕು ಮಗಾ, ಬೆಳಿಗ್ಗೆ ಹೇಳಿದೆನಲ್ಲ, ಮರಗಳ ನಡುವೆ, ಹೂಂ ಅಪ್ಪ ಅಂದಳಲ್ಲ, ಆಗಲೂ ಇದು ಇಲ್ಲೇ ಇತ್ತು, ಉಣ್ಣೆಯ ಒಂದೇ ಒಂದು ಪದರದ ಕೆಳಗೆ. ಗಂಟೆ ಎಷ್ಟಾಯಿತು ಈಗ, ಅವರು ಬರುವ ಹೊತ್ತು. ಹೇಳಲೇಬೇಕು. ಗುಬ್ಬಿ, ನಾನು ಒಂದು ಕೆಲಸ ಮಾಡಿಬಿಟ್ಟಿದ್ದೀನಿ, ಅವರನ್ನ ಕರೆದಿದ್ದೀನಿ, ಇವತ್ತು, ಈಗ. ಇವಳಮ್ಮನ ಕೈಯಿಂದ ಮುಚ್ಚಳ ಬಿತ್ತು, ಏನು ಮನುಷ್ಯರು ರೀ ನೀವು, ಅಂದಳು, ಅಷ್ಟೆ ಅಂದದ್ದು, ಬೈದಿದ್ದರೆ ಬದುಕುತ್ತಿದ್ದೆ. ಗುಬ್ಬಿ ಅಳಲಿಲ್ಲ, ಕೂಗಲಿಲ್ಲ, ಎಷ್ಟು ಹೊತ್ತಿಗೆ ಬರ್ತಾರೆ ಅಪ್ಪ ಅಂತ ಕೇಳಿದಳು, ಹಲ್ಲಿನ ಡಾಕ್ಟರ ಹತ್ತಿರ ಸರದಿ ಕೇಳುವ ದನಿಯಲ್ಲಿ, ದೀಪ ಹಚ್ಚುವ ಹೊತ್ತಿಗೆ ಅಂದೆ, ಅವಳು ಹತ್ತಿದ್ದ ದೀಪಗಳನ್ನು ನೋಡಿದಳು.

ಆಮೇಲೆ ಅವಳು ಮಾಡಿದ್ದನ್ನು ನೋಡಲಾರದೆ ನೋಡಿದೆ. ಸ್ಟೂಲಿನಿಂದ ಇಳಿದು ನಕ್ಷತ್ರವನ್ನು ಮೇಜಿನ ಮೇಲೆ ನೇರವಾಗಿ, ಅಂಚಿಗೆ ಸಮನಾಗಿ ಇಟ್ಟಳು, ಬಗ್ಗಿ ಮರದ ಹೊಟ್ಟನ್ನು ಕೈಯಿಂದಲೇ ಬಳಿಯತೊಡಗಿದಳು, ಕುರ್ಚಿಗಳನ್ನು ಗೋಡೆಗೆ ಸಮ ಮಾಡಿದಳು, ನನ್ನ ಚಹಾದ ಲೋಟ ತೆಗೆದು ಅದರ ಉಂಗುರದ ಕಲೆಯನ್ನು ಸ್ವೆಟರಿನಿಂದ ಒರೆಸಿದಳು, ಆ ಭಾರದ ಕೊಂಬೆಯಿಂದ ಗುಂಡುಗಳನ್ನು ಬಿಚ್ಚಿ ಒಂದೊಂದು ಕೊಂಬೆಗೆ ಒಂದೊಂದರಂತೆ ಹಂಚಿದಳು, ಈಗ ಕೈ ಎತ್ತಲು ಅವಳಿಗೆ ನೋವೇ ಇಲ್ಲವೇನೋ ಎಂಬ ಹಾಗೆ, ಚಕಚಕ, ಎರಡು ಹೆಜ್ಜೆ ಹಿಂದೆ ಬಂದು ಮರವನ್ನು ನೋಡಿ, ಇದು ಓರೆ ಇದೆ ಅಮ್ಮ, ಇದು ಓರೆ ಇರಬಾರ್ದು, ಅವರಿಗೆ ಓರೆ ಇದ್ರೆ ಆಗಲ್ಲ, ಅಪ್ಪ, ನೆಟ್ಟಗೆ ಮಾಡಿ ಅಪ್ಪ ಬೇಗ—ಮಧ್ಯಾಹ್ನದಿಂದ ಕೇಳಿದರೆ ನೆಟ್ಟಗಿದೆ ನೆಟ್ಟಗಿದೆ ಅಂದವಳು. ಅವಳು ಈ ಹಾಲ್ ಅನ್ನು ತನ್ನ ಕಣ್ಣಿನಿಂದ ನೋಡುತ್ತಿರಲಿಲ್ಲ. ಆ ಮನೆಯಲ್ಲಿ ಪ್ರತಿ ಸಂಜೆ ಹೀಗೇ ಇರಬೇಕು, ಗಾಡಿಯ ಸದ್ದು ಕೇಳುವ ಮೊದಲು. ನಾವು ಹೋದಾಗಲೆಲ್ಲ ಎಷ್ಟು ಚೊಕ್ಕ ಇಟ್ಟಿದ್ದಾಳೆ ನೋಡೇ ಮನೇನ ಅಂತ ಹೊಗಳಿ ಬಂದವನು ನಾನು. ಇವಳಮ್ಮ ಓಡಿಹೋಗಿ ಅವಳನ್ನು ಹಿಂದಿನಿಂದ ಹಿಡಿದುಕೊಂಡಳು, ಬಿಡೇ, ಬಿಡು ಮಗಳೇ, ಓರೆ ಇರ್ಲಿ ಬಿಡು, ಆಗ ಅವಳ ಸದ್ದು ಹೊರಬಂತು, ಅಳುವಲ್ಲ ಅದು, ಮಾತೂ ಅಲ್ಲ, ಅದು ಮುಗಿಯುವ ಮೊದಲೇ ಬೆಲ್ ಆಯಿತು. ಒಂದೇ ಸಲ. ಮೆತ್ತಗೆ.

ಹಾಲ್‌ನಿಂದ ಬಾಗಿಲಿಗೆ ಎಷ್ಟು ದೂರ ಇದು, ಕಾಲ ಕೆಳಗೆ ಸೂಜಿಗಳು, ಏನು ಹೇಳಲಿ, ಮನೆಯಲ್ಲಿ ಇಲ್ಲ ಅನ್ನಲೇ, ಹುಷಾರಿಲ್ಲ ಅನ್ನಲೇ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಬದುಕಿನುದ್ದಕ್ಕೂ ಅದೇ ಲೆಕ್ಕ, ತೆರೆದೆ. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಹೂವು, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ, ನಗು, ಮಾವ, ತಡ ಆಯ್ತಾ? ನಾನು ಸರಿದು ನಿಲ್ಲಲಿಲ್ಲ. ಒಳಗೆ ಬರಲಾ ಮಾವ? ಬೇಡ, ಅಂದೆ. ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ. ನಗು ಹಾಗೇ ಇತ್ತು, ಏನಾಯ್ತು ಮಾವ, ಅವಳು ಏನಾದ್ರೂ ಹೇಳಿದ್ಳಾ, ಸಣ್ಣ ವಿಷಯ ದೊಡ್ಡದು ಮಾಡ್ತಾಳೆ, ಒಂದು ನಿಮಿಷ ಕರೀರಿ, ನಾನು ಮಾತಾಡ್ತೀನಿ. ಅವಳೇನೂ ಹೇಳಿಲ್ಲ, ನಾನು ನೋಡಿದೆ, ನೀನು ಹೋಗು. ನೀನು ಅಂದೆನಾ, ಅಂದೆ, ಅವನಿಗೂ ಕೇಳಿಸಿತು, ಅವನ ಕಣ್ಣಿನಲ್ಲಿ ಏನೋ ಒಂದು ಗೇರ್ ಬದಲಾಯಿತು, ಸದ್ದೇ ಇಲ್ಲದೆ, ದನಿ ಮಾತ್ರ ಇನ್ನೂ ಬೆಣ್ಣೆ, ನೀವೇ ಕರೆದ್ರಿ ಮಾವ, ನೀವೇ ಕರ್ಕೊಂಡು ಹೋಗಿ ಅಂದ್ರಿ, ನನ್ನ ಹೆಂಡತಿ ಅವಳು. ಹೌದು ನಾನೇ ಕರೆದೆ, ನಾನೇ ಈಗ ಹೋಗು ಅಂತಿದೀನಿ, ಕಾಲಡಿ ಬ್ರೇಕ್ ಇಲ್ಲದ ಬರೀ ನೆಲ, ಬಾಗಿಲು ಮುಚ್ಚತೊಡಗಿದೆ, ಅವನು ಹೂವನ್ನು ಪೆಟ್ಟಿಗೆಯ ಕೈಗೆ ಬದಲಾಯಿಸಿ, ನಿಧಾನವಾಗಿ, ಬಿಡುವಾದ ಕೈಯನ್ನು ಬಾಗಿಲಿನ ಅಂಚಿಗೆ ಇಟ್ಟ. ತಳ್ಳಲಿಲ್ಲ. ಸುಮ್ಮನೆ ಹಿಡಿದುಕೊಂಡ. ನನ್ನ ಬೆನ್ನ ಹಿಂದೆ ಸೂಜಿಗಳ ಮೇಲೆ ಹೆಜ್ಜೆ ಬಂದವು, ನಿಂತವು, ಗುಬ್ಬಿಯ ದನಿ, ಸಣ್ಣದು, ಒಡೆದದ್ದು, ಆದರೆ ಅವಳದೇ, ನಾನು ಬರಲ್ಲ. ಎಲ್ಲ ಕೇಳಿಸಿತು ಎಲ್ಲರಿಗೂ. ಬೆರಳು ತೆಗಿ, ಅಂದೆ. ತೆಗೆಯಲಿಲ್ಲ. ಬೆರಳು ತೆಗಿ. ನಾನು ನನ್ನ ಭುಜವನ್ನು ಬಾಗಿಲಿಗೆ ಕೊಟ್ಟೆ, ಇಡೀ ಮೈ ಕೊಟ್ಟೆ, ಒಂದೊಂದಾಗಿ ಅವು ಜಾರಿದವು, ಅಗುಳಿ ಹಾಕಿದೆ.

ಮತ್ತೆ ಬೆಲ್, ಮೆತ್ತಗೆ, ಮತ್ತೆ, ಹೊಡೆದುಕೊಳ್ಳಲಿ, ಹಿಂದೆ ಇವಳಮ್ಮ ಫೋನಿನಲ್ಲಿ ಯಾರಿಗೋ ವಿಳಾಸ ಹೇಳುತ್ತಿದ್ದಾಳೆ, ಪೊಲೀಸರಿಗೇ ಇರಬೇಕು, ಹೇಳಲಿ, ಗುಬ್ಬಿ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಾಳೆ, ಹಿಡಿದುಕೊಳ್ಳಲಿ, ನಾನು ಬೆನ್ನು ತಿರುಗಿಸಬೇಕು, ಅವಳ ಮುಖ ನೋಡಬೇಕು, ಏನಾದರೂ ಅನ್ನಬೇಕು, ಕಣ್ಣು ಬಾಗಿಲಿನ ಅಂಚು ಬಿಟ್ಟು ಬರುತ್ತಿಲ್ಲ, ಅಗುಳಿಗಿಂತ ಒಂದು ಗೇಣು ಮೇಲೆ, ಉಗುರು ನೀಟಾಗಿ ಕತ್ತರಿಸಿದ್ದವು, ಚೊಕ್ಕ, ಬೆವರಿಲ್ಲ, ಅದೆಷ್ಟು ದಿನ ಪಕ್ಕದಲ್ಲೇ ಕೂತು ನೋಡಿದ್ದೆ ಅವನ್ನು, ಸ್ಟೀರಿಂಗಿನ ಮೇಲೆ, ಎಷ್ಟು ಹಗುರ ಹಿಡೀತಾರೆ ಅಂತ, ಬಾಗಿಲು ಮುಚ್ಚಿದೆ, ಅಂಚಿನಲ್ಲಿ ಏನೂ ಇಲ್ಲ, ಬರೀ ಮರ, ಬರೀ ಬಣ್ಣ, ಏನೂ ಇಲ್ಲ, ಆದರೂ ಅಲ್ಲೇ, ಒಂದರ ಪಕ್ಕ ಒಂದು, ಬಿಡಿಬಿಡಿಯಾಗಿ, ನಾಲ್ಕು ಬೆರಳು, ನಾಲ್ಕು ಬೆರಳು